ದಾವಣಗೆರೆಯಿಂದ ಬಾಲಿಗೆ: ಮೊಬೈಲಲ್ಲಿ ಕಾಣೋ ರೇಟು, ಕೈಯಿಂದ ಹೋಗೋ ದುಡ್ಡು

ಊಟಿ, ಕೊಡೈಕೆನಾಲ್ ಕಾಲ ಹೋಯ್ತು. ಈಗ ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯಿಂದ ಹನಿಮೂನ್ ಅಂತನೋ ಮಕ್ಕಳಿಗೆ ರಜಾ ಅಂತನೋ ನಮ್ಮ ಆಫೀಸಿಗೆ ಬರೋರು ಮೊದಲು ತೆಗೆಯೋ ಹೆಸರು ಇಂಡೋನೇಷ್ಯಾದ ಬಾಲಿ ದ್ವೀಪ. ಕೂತ ತಕ್ಷಣ ಕೇಳೋದು ಟಿಕೆಟ್ ಎಷ್ಟಾಗುತ್ತೆ ಅಂತ. ಮೊಬೈಲಲ್ಲಿ ಒಂದು ರೇಟ್ ಆಗ್ಲೇ ನೋಡ್ಕೊಂಡು ಬಂದಿರ್ತಾರೆ, ನಾನು ಹೇಳಿದ್ದು ಅದಕ್ಕಿಂತ ನಾಲ್ಕೈದು ಸಾವಿರ ಜಾಸ್ತಿ ಇದ್ರೆ ಏಜೆಂಟ್ ಎಷ್ಟೋ ಇಟ್ಕೊಂಡಿದಾನೆ ಅಂತ ಅನುಮಾನ ಶುರು. ಟಿಕೆಟ್ ಮಾಡೋದೇ ನನ್ನ ಕಸುಬು, ಅದಕ್ಕೆ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಬಾಲಿ ಖರ್ಚನ್ನ ಬೆಂಗಳೂರು ಏರ್‌ಪೋರ್ಟಿಂದ ಲೆಕ್ಕ ಹಾಕಬಾರ್ದು, ನಿಮ್ಮ ಮನೆ ಬಾಗಿಲಿಂದ ಹಾಕ್ಬೇಕು. ಹಂಗೆ ಹಾಕಿದ್ರೆ ಸೋವಿ ಅಂತ ಕಾಣೋ ಟಿಕೆಟ್ ಎಷ್ಟೋ ಸಲ ದುಬಾರಿ ಬೀಳುತ್ತೆ.

ಹೋಗೋ ದಾರಿ ಮೂರು ಥರ. ಒಂದು ಡೈರೆಕ್ಟ್. 2024ರ ಮಾರ್ಚ್ 29ಕ್ಕೆ ಇಂಡಿಗೋ ಬೆಂಗಳೂರಿಂದ ಬಾಲಿಯ ಡೆನ್‌ಪಸಾರ್‌ಗೆ ನೇರ ಫ್ಲೈಟ್ ಶುರು ಮಾಡ್ತು, ಹತ್ತಿರತ್ತಿರ 4,800 ಕಿಲೋಮೀಟರ್, ಆರೂವರೆ ಏಳು ಗಂಟೆ ಹಾರಾಟ. ಎರಡನೇದು ಸಿಂಗಾಪುರ ಇಲ್ಲಾ ಕ್ವಾಲಾಲಂಪುರದಲ್ಲಿ ಇಳಿದು ಹತ್ತೋದು, ಆದ್ರೆ ಪೂರ್ತಿ ಒಂದೇ ಟಿಕೆಟ್, ಒಂದೇ ಪಿಎನ್‌ಆರ್ (ಬುಕಿಂಗ್ ನಂಬರ್), ಬ್ಯಾಗ್ ಬೆಂಗಳೂರಲ್ಲಿ ಕೊಟ್ರೆ ಬಾಲಿಯಲ್ಲೇ ತಗೊಳ್ಳೋದು. ಮೂರನೇದೇ ಮೊಬೈಲಲ್ಲಿ ಎಲ್ಲಕ್ಕಿಂತ ಮೇಲೆ ಕಾಣೋದು: ಬೆಂಗಳೂರಿಂದ ಕ್ವಾಲಾಲಂಪುರಕ್ಕೆ ಒಂದು ಕಂಪನಿ ಟಿಕೆಟ್, ಅಲ್ಲಿಂದ ಬಾಲಿಗೆ ಇನ್ನೊಂದು ಕಂಪನಿದು, ಎರಡನ್ನೂ ಆ ಆಪ್‌ನೋರೇ ಜೋಡಿಸಿ ಒಂದೇ ರೇಟ್ ಥರ ತೋರಿಸಿರ್ತಾರೆ. ಕೆಳಗೆ ಸಣ್ಣಕ್ಷರದಲ್ಲಿ ಸೆಲ್ಫ್ ಟ್ರಾನ್ಸ್‌ಫರ್ ಅಂತ ಬರೆದಿರುತ್ತೆ, ಅಂದ್ರೆ ಮಧ್ಯದಲ್ಲಿ ನೀವೇ ಬ್ಯಾಗ್ ಎತ್ಕೊಂಡು ಮತ್ತೆ ಚೆಕ್‌ಇನ್ ಮಾಡ್ಬೇಕು, ಅದನ್ನ ಯಾರೂ ಓದಲ್ಲ.

ನಿಟ್ಟುವಳ್ಳಿ ಕಡೆಯ ಹುಡುಗ ಒಬ್ಬ, ಮದುವೆಯಾದ ಹೊಸದು, "ಅಣ್ಣಾ, ನೀನು ಹೇಳಿದ್ದಕ್ಕಿಂತ ಇದ್ರಲ್ಲಿ ತಲೆಗೆ ಆರು ಸಾವ್ರ ಕಮ್ಮಿ ತೋರಿಸ್ತೈತೆ, ಇದನ್ನೇ ಮಾಡ್ಕೊಂತೀನಿ ಬಿಡು" ಅಂತ ಹೋದ. ಮೊದಲನೇ ಫ್ಲೈಟ್ ಬೆಂಗಳೂರಲ್ಲೇ ಮೂರು ಗಂಟೆ ಲೇಟ್. ಕ್ವಾಲಾಲಂಪುರದಲ್ಲಿ ಇಳಿದ್ರೆ ಇಮಿಗ್ರೇಷನ್ ದಾಟಬೇಕು, ಬ್ಯಾಗ್ ಎತ್ಕೋಬೇಕು, ಆನ್‌ಲೈನ್ ಅರೈವಲ್ ಕಾರ್ಡ್ ತುಂಬಿರ್ಲಿಲ್ಲ, ಅಲ್ಲೇ ನಿಂತು ಫೋನಲ್ಲಿ ತುಂಬಿದ್ದಾರೆ, ಆಮೇಲೆ ನೋಡಿದ್ರೆ ಮುಂದಿನ ಫ್ಲೈಟ್ ಇನ್ನೊಂದು ಟರ್ಮಿನಲ್‌ದು, ಟ್ರೈನ್ ಹತ್ತಿ ಹೋಗ್ಬೇಕು, ಹೋಗೋ ಹೊತ್ತಿಗೆ ಚೆಕ್‌ಇನ್ ಕೌಂಟರ್ ಬಂದ್. ಮೊದಲನೇ ಕಂಪನಿಯೋರು ನಿಮ್ಮನ್ನ ಕ್ವಾಲಾಲಂಪುರ ಮುಟ್ಟಿಸಿದೀವಿ ನಮ್ಮ ಕೆಲಸ ಮುಗೀತು ಅಂದ್ರು, ಎರಡನೇ ಕಂಪನಿಯೋರು ನೀವು ಬರ್ಲಿಲ್ಲ ಅಷ್ಟೇ ಅಂದ್ರು, ಇಬ್ಬರ ಮಾತೂ ರೂಲ್ ಪ್ರಕಾರ ಸರಿನೇ. ಕೊನೆಗೆ ಅವತ್ತಿನ ರೇಟಿಗೆ ಹೊಸ ಟಿಕೆಟ್ ತಗೊಂಡು, ಬಾಲಿಯಲ್ಲಿ ಬುಕ್ ಮಾಡಿದ್ದ ಒಂದು ರಾತ್ರಿ ರೂಮೂ ಹೋಯ್ತು. ಹೊಸದಾಗಿ ಮದುವೆಯಾದ ಹುಡುಗಿ ಏರ್‌ಪೋರ್ಟ್ ಕುರ್ಚಿ ಮೇಲೆ ರಾತ್ರಿ ಕಳೆದ್ಲು ಅಂತ ಕೇಳಿ ನಂಗೆ ಬೇಜಾರಾಯ್ತು, ಅದು ದುಡ್ಡಿನ ಲೆಕ್ಕಕ್ಕೆ ಬರೋದೇ ಇಲ್ಲ.

ಮಲೇಷಿಯಾದಲ್ಲಾದ್ರೆ 2023ರ ಡಿಸೆಂಬರ್‌ನಿಂದ ನಮ್ಮೋರಿಗೆ ವೀಸಾ ಬೇಡ ಅಂತ ಮಾಡಿದ್ದಕ್ಕೆ ಬ್ಯಾಗ್ ಎತ್ಕೊಂಡು ಹೊರಗಾದ್ರೂ ಬಂದ್ರು. ಸಿಂಗಾಪುರದಲ್ಲಿ ಹಂಗಲ್ಲ, ಇಂಡಿಯನ್ ಪಾಸ್‌ಪೋರ್ಟಿಗೆ ವೀಸಾ ಬೇಕು. ಬೇರೆ ಬೇರೆ ಟಿಕೆಟ್ ಇದ್ದು, ಬ್ಯಾಗ್ ತಗೊಂಡು ಮತ್ತೆ ಚೆಕ್‌ಇನ್ ಮಾಡ್ಬೇಕು ಅಂದ್ರೆ ವೀಸಾ ಇಲ್ದೆ ಆಗಲ್ಲ, ಎಷ್ಟೋ ಸಲ ಬೆಂಗಳೂರು ಕೌಂಟರ್‌ನಲ್ಲೇ ನಿಲ್ಲಿಸ್ತಾರೆ. ಒಂದೇ ಪಿಎನ್‌ಆರ್ ಇದ್ರೆ ಮೊದಲನೇ ಫ್ಲೈಟ್ ಲೇಟಾಗಿ ಎರಡನೇದು ತಪ್ಪಿದ್ರೂ ಮುಂದಿನ ಫ್ಲೈಟಲ್ಲಿ ಕೂರಿಸೋ ಜವಾಬ್ದಾರಿ ಕಂಪನಿದು. ನಾನು ಹೇಳೋ ಆ ನಾಲ್ಕೈದು ಸಾವಿರ ಜಾಸ್ತಿ ಹೆಚ್ಚಾಗಿ ಈ ಜವಾಬ್ದಾರಿಗೆ ಕೊಡೋ ಬೆಲೆ. ಜೊತೆಗೆ ಲೋಕಾಸ್ಟ್ ಕಂಪನಿಗಳ ಬೇಸ್ ಫೇರ್‌ನಲ್ಲಿ ಹೆಚ್ಚಾಗಿ ಕೈಬ್ಯಾಗ್ ಮಾತ್ರ ಇರುತ್ತೆ, ಸೂಟ್‌ಕೇಸಿಗೆ ಹೋಗ್ತಾ ಎರಡು ಸಲ, ಬರ್ತಾ ಎರಡು ಸಲ ದುಡ್ಡು ಕಟ್ಟಿ ನೋಡಿ, ಆ ಆರು ಸಾವಿರದಲ್ಲಿ ಎಷ್ಟು ಉಳಿಯುತ್ತೆ ಅಂತ.

ಇನ್ನು ರೇಟ್ ಯಾಕೆ ಗಂಟೆಗೊಂದು ಥರ ಅನ್ನೋದು. ಒಂದೇ ಎಕಾನಮಿ ಕ್ಲಾಸಲ್ಲಿ ಸೀಟುಗಳನ್ನ ಹಲವು ರೇಟಿನ ಗುಂಪು ಮಾಡಿ ಇಟ್ಟಿರ್ತಾರೆ, ಕೆಳಗಿನ ರೇಟಿನ ಗುಂಪು ಖಾಲಿಯಾದ ಹಂಗೆ ಮೇಲಿನದು ತೆರ್ಕೊಳ್ಳುತ್ತೆ, ಬೇಡಿಕೆ ನೋಡ್ಕೊಂಡು ಕಂಪನಿ ಮತ್ತೆ ಕೆಳಗಿನದನ್ನ ಬಿಡೋದೂ ಉಂಟು, ಎಪಿಎಂಸಿಯಲ್ಲಿ ಮೆಕ್ಕೆಜೋಳಕ್ಕೆ ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು ರೇಟ್ ಕೂಗಿದಂಗೆ. ಇದರಲ್ಲಿ ಫ್ಯಾಮಿಲಿಗಳು ಸಿಕ್ಕಿಹಾಕ್ಕೊಳ್ಳೋ ಜಾಗ ಒಂದಿದೆ. ಮನೆಯಲ್ಲಿ ಆರು ಜನ, ಆರು ಸೀಟು ಅಂತಲೇ ಹುಡುಕ್ತೀರಿ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, 13,000ದ ಗುಂಪಲ್ಲಿ ನಾಲ್ಕೇ ಸೀಟು ಉಳಿದಿವೆ, ಮುಂದಿನ ಗುಂಪು 16,500. ಸಿಸ್ಟಮ್ ನಾಲ್ಕು ಜನಕ್ಕೆ ಒಂದು, ಇಬ್ಬರಿಗೆ ಒಂದು ಅಂತ ಒಡೆಯಲ್ಲ, ಆರೂ ಜನಕ್ಕೆ 16,500 ತೋರಿಸುತ್ತೆ. ಅಂದ್ರೆ ಸುಮ್ನೆ 14,000 ಜಾಸ್ತಿ ಕಟ್ಟಿದಂಗಾಯ್ತು. ಮೊದಲು ಒಂದು ಸೀಟಿಗೆ ಹುಡುಕಿ, ಆಮೇಲೆ ಎರಡು, ನಾಲ್ಕು, ರೇಟ್ ಎಲ್ಲಿ ಹಾರುತ್ತೆ ನೋಡ್ಕೊಂಡು ಬುಕಿಂಗ್ ಒಡೀರಿ. ಆದ್ರೆ ಅಜ್ಜ ಅಜ್ಜಿನ ಒಂದು ಪಿಎನ್‌ಆರ್‌ನಲ್ಲಿ, ಉಳಿದೋರನ್ನ ಇನ್ನೊಂದ್ರಲ್ಲಿ ಹಾಕಬೇಡಿ, ಫ್ಲೈಟ್ ಬದಲಾದ್ರೆ ಕಂಪನಿಯೋರು ಪಿಎನ್‌ಆರ್ ನೋಡಿ ಬದಲಾಯಿಸ್ತಾರೆ, ಸಂಬಂಧ ನೋಡಿ ಅಲ್ಲ. ಪ್ರತಿ ಬುಕಿಂಗಲ್ಲೂ ಇಂಗ್ಲಿಷ್ ಮಾತಾಡಿ ನಿಭಾಯಿಸೋರು ಒಬ್ಬರು ಇರ್ಲಿ.

ಇನ್ನೊಂದು, ಲೋಕಾಸ್ಟ್ ಕಂಪನಿಗಳು ಹೋಗೋದು ಬರೋದು ಬೇರೆ ಬೇರೆ ರೇಟ್ ಹಾಕ್ತಾವೆ, ಊಟ, ಲಗೇಜು ಸೇರಿಸಿ ಕೊಡೋ ಫುಲ್ ಸರ್ವಿಸ್ ಕಂಪನಿಗಳಲ್ಲಿ ರಿಟರ್ನ್ ಸೇರಿಸಿ ತಗೊಂಡ್ರೆ ಎರಡು ಒನ್‌ವೇಗಿಂತ ತುಂಬಾ ಕಮ್ಮಿ ಬೀಳುತ್ತೆ. ಬರೋ ಟಿಕೆಟ್ ಆಮೇಲೆ ಮಾಡಿದ್ರಾಯ್ತು ಅನ್ನೋದು ಬೇಡ, ರಿಟರ್ನ್ ಟಿಕೆಟ್ ಇಲ್ದೆ ಬಾಲಿ ಇಮಿಗ್ರೇಷನ್‌ನಲ್ಲೂ ತೊಂದ್ರೆನೇ.

ಈಗ ಮನೆ ಬಾಗಿಲಿಂದ ಲೆಕ್ಕ. ನಮ್ಮೂರಲ್ಲಿ ಏರ್‌ಪೋರ್ಟ್ ಇಲ್ಲ, ದೇವನಹಳ್ಳಿಗೆ 250 ಕಿಲೋಮೀಟರ್ ದಾಟುತ್ತೆ. ಹೈವೇಲಿ ಹೋಗಿ ದಾಬಸ್‌ಪೇಟೆ ಹತ್ರ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದ್ರೆ ಬೆಂಗಳೂರು ಟ್ರಾಫಿಕ್ ತಪ್ಪುತ್ತೆ, ಡ್ರೈವರ್‌ಗೆ ಇದನ್ನ ಹೇಳಿಬಿಡಿ. ಟ್ಯಾಕ್ಸಿಗೆ ಹೋಗ್ತಾ ಬರ್ತಾ ಕೊಡೋದು ಸಣ್ಣ ಮೊತ್ತ ಅಲ್ಲ, ಜೊತೆಗೆ ಟೋಲ್. ಹೋಗ್ತಾ ರೈಲು ಮಾಡಿದ್ರೆ ಉಳಿಯುತ್ತೆ, ಆದ್ರೆ ಯಶವಂತಪುರದಲ್ಲಿ ಇಳಿದು ದೇವನಹಳ್ಳಿಗೆ ಮತ್ತೊಂದು ಗಾಡಿ, ಅದೂ ಸೂಟ್‌ಕೇಸ್ ಜೊತೆ. ಅದಕ್ಕೇ ನಾನು ವಾಪಸ್ ಬರೋ ಫ್ಲೈಟಿನ ಟೈಮನ್ನ ರೇಟ್ ನೋಡಿದಷ್ಟೇ ಗಮನ ಕೊಟ್ಟು ನೋಡ್ತೀನಿ. ರಾತ್ರಿ 11ಕ್ಕೆ ಇಳಿಯೋ ಫ್ಲೈಟ್ ಎರಡು ಸಾವಿರ ಕಮ್ಮಿ ಇದ್ರೂ, ನಿದ್ದೆಗಣ್ಣಿನ ಡ್ರೈವರ್ ಜೊತೆ ರಾತ್ರಿಯೆಲ್ಲಾ ಹೈವೇಲಿ ಬರೋದು ಇಲ್ಲಾ ಏರ್‌ಪೋರ್ಟ್ ಹತ್ರ ರೂಮ್ ಮಾಡೋದು, ಎರಡೂ ನಂಗೆ ಇಷ್ಟ ಇಲ್ಲ.

ತಾರೀಖಿನ ವಿಷಯ ಗಮನ ಇಟ್ಟು ಓದಿ. ಟಿಕೆಟ್ ಮೇಲೆ 15ನೇ ತಾರೀಖು 00:30 ಅಂತ ಇದ್ರೆ ಅದು 14ರ ರಾತ್ರಿ. ಇಂಟರ್‌ನ್ಯಾಷನಲ್‌ಗೆ ಮೂರು ಗಂಟೆ ಮುಂಚೆ ಏರ್‌ಪೋರ್ಟಲ್ಲಿ ಇರ್ಬೇಕು, ಅಂದ್ರೆ ದಾವಣಗೆರೆ ಬಿಡೋದು 14ರ ಮಧ್ಯಾಹ್ನ ಮೂರಕ್ಕೆ. 15ರ ಸಂಜೆ ಊರೆಲ್ಲಾ ಹೇಳಿ ಬಾಯಿ ಸಿಹಿ ಮಾಡ್ಕೊಂಡು ಹೊರಟು, ಕೌಂಟರ್‌ನಲ್ಲಿ ನಿಮ್ಮ ಫ್ಲೈಟ್ ನಿನ್ನೆನೇ ಹೋಯ್ತು ಅನ್ನಿಸ್ಕೊಂಡೋರು ಇದಾರೆ. ಟರ್ಮಿನಲ್ ಕೂಡ ನೋಡ್ಕೊಳ್ಳಿ, 2023ರ ಸೆಪ್ಟೆಂಬರ್‌ನಿಂದ ಬೆಂಗಳೂರಲ್ಲಿ ಇಂಟರ್‌ನ್ಯಾಷನಲ್ ಫ್ಲೈಟ್ ಟರ್ಮಿನಲ್ 2.

ಸೌಕರ್ಯದ ಬಗ್ಗೆ ಹೇಳೋದಾದ್ರೆ, ಡೈರೆಕ್ಟ್ ಫ್ಲೈಟ್ ಅಂದ್ರೆ ಆ ಕಡೆ ಮೂರು ಈ ಕಡೆ ಮೂರು ಸೀಟಿನ ಸಣ್ಣ ವಿಮಾನ, ಎದುರಿಗೆ ಟಿವಿ ಇರಲ್ಲ, ಕಾಲು ಚಾಚೋಕೆ ಜಾಗ ಕಮ್ಮಿ. ಹುಡುಗರಿಗೆ ಏನೂ ಅನ್ಸಲ್ಲ, ಮೊಣಕಾಲು ನೋವಿರೋ ಅಪ್ಪ ಅಮ್ಮನಿಗೆ ಏಳು ಗಂಟೆ ಕಷ್ಟ. ಅವರಿಗೆ ಓಡಾಡೋ ದಾರಿ ಪಕ್ಕದ ಐಲ್ ಸೀಟ್ ದುಡ್ಡು ಕೊಟ್ಟಾದ್ರೂ ತಗೊಳ್ಳಿ, ವೀಲ್‌ಚೇರ್ ಎರಡು ದಿನ ಮುಂಚೆನೇ ಹೇಳಿ. ಸಿಂಗಾಪುರ ಏರ್‌ಲೈನ್ಸ್ ಥರದ ಫುಲ್ ಸರ್ವಿಸ್‌ನಲ್ಲಿ ಸೀಟು, ಊಟ, ಲಗೇಜು ಚೆನ್ನಾಗಿರುತ್ತೆ, ಮಧ್ಯೆ ಇಳಿದು ಓಡಾಡಿದ್ರೆ ಕಾಲಿಗೂ ಒಳ್ಳೇದು, ಆದ್ರೆ ಮುಟ್ಟೋಕೆ ಅರ್ಧ ದಿನ ಹೋಗುತ್ತೆ. ನಾನಂತೂ ಐದು ದಿನದ ಟ್ರಿಪ್ಪಿಗೆ ಡೈರೆಕ್ಟ್, ಎಂಟು ಹತ್ತು ದಿನಕ್ಕೆ ದೊಡ್ಡವರು ಜೊತೆಗಿದ್ರೆ ಸಿಂಗಾಪುರದ ಮೇಲೆ ಕಳಿಸ್ತೀನಿ.

ಊಟದಲ್ಲಿ ಒಂದು ಎಡವಟ್ಟು ಆಗುತ್ತೆ. ಬುಕಿಂಗಲ್ಲಿ ಹಿಂದೂ ಮೀಲ್ ಅಂತ ಕಂಡ ತಕ್ಷಣ ನಮ್ಮ ಲಿಂಗಾಯತ ಮನೆಯೋರು ವೆಜ್ ಅಂತ ಟಿಕ್ ಮಾಡ್ತಾರೆ, ಏರ್‌ಲೈನ್ ಭಾಷೆಯಲ್ಲಿ ಅದು ನಾನ್‌ವೆಜ್, ಕೋಡ್ ಎಚ್‌ಎನ್‌ಎಂಎಲ್. ನಮ್ಮ ಕಡೆ ವೆಜ್ ಊಟ ಬೇಕಾದ್ರೆ ಎವಿಎಂಎಲ್, ಜೈನರಿಗೆ ವಿಜೆಎಂಎಲ್. ಹೊರಡೋಕೆ ಒಂದು ದಿನ ಮುಂಚೆ ಹಾಕಿಸಿರ್ಬೇಕು, ಒಳಗೆ ಹೋಗಿ ಕೇಳಿದ್ರೆ ಸಿಗಲ್ಲ.

ಯಾವಾಗ ಹೋಗೋದು? ಅಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ಒಣ ಹವೆ, ನವೆಂಬರ್‌ನಿಂದ ಮಾರ್ಚ್ ಮಳೆ. ನಮ್ಮ ಬೇಸಿಗೆ ರಜಾ, ಡಿಸೆಂಬರ್ ಕೊನೆ ಎರಡೂ ದುಬಾರಿ. ಜೂನಲ್ಲಿ ಇಲ್ಲಿ ಸ್ಕೂಲ್ ಶುರುವಾಗಿ, ಆಮೇಲೆ ಆಷಾಢ ಅಂತ ಮದುವೆನೂ ನಿಂತಿರುತ್ತಲ್ಲ, ಆವಾಗ ರೇಟ್ ಇಳಿದಿರೋದನ್ನ ನೋಡಿದೀನಿ, ಹವೆನೂ ಚೆನ್ನಾಗಿರುತ್ತೆ. ಯುಗಾದಿ ರಜಾಕ್ಕೆ ಹೊರಡೋರು ಮಾತ್ರ ಹುಷಾರು. ಬಾಲಿಯವರಿಗೂ ಆ ಹೊತ್ತಿಗೆ ಶಕ ವರ್ಷದ ಹೊಸ ವರ್ಷ ಬರುತ್ತೆ, ನ್ಯೇಪಿ ಅಂತ, ಅವತ್ತು ಮೌನ, 24 ಗಂಟೆ ಏರ್‌ಪೋರ್ಟೇ ಬಂದ್, ರಸ್ತೆ ಮೇಲೆ ಒಂದು ನರಪಿಳ್ಳೆ ಇರಲ್ಲ, ಟೂರಿಸ್ಟ್‌ಗಳೂ ಹೋಟೆಲ್ ಒಳಗೇ ಇರ್ಬೇಕು. 2025ರಲ್ಲಿ ನ್ಯೇಪಿ ಮಾರ್ಚ್ 29, ನಮ್ಮ ಯುಗಾದಿ ಮಾರ್ಚ್ 30. ಪ್ರತಿ ವರ್ಷ ಇಷ್ಟು ಹತ್ರ ಬರಲ್ಲ, ಕ್ಯಾಲೆಂಡರ್ ನೋಡಿ ಆಮೇಲೆ ದುಡ್ಡು ಕಟ್ಟಿ.

ಜ್ವಾಲಾಮುಖಿನೂ ಇದೆ. 2017ರ ನವೆಂಬರ್‌ನಲ್ಲಿ ಬಾಲಿಯದೇ ಆಗುಂಗ್ ಬೆಟ್ಟ ಬೂದಿ ಕಾರಿ ಏರ್‌ಪೋರ್ಟ್ ಮುಚ್ಚಿತ್ತು, 2024ರ ನವೆಂಬರ್‌ನಲ್ಲಿ ಫ್ಲೋರೆಸ್ ದ್ವೀಪದ ಲೆವೊಟೋಬಿ ಸಿಡಿದು ಸುಮಾರು ಕಂಪನಿಗಳು ಬಾಲಿ ಫ್ಲೈಟ್ ಕ್ಯಾನ್ಸಲ್ ಮಾಡಿದ್ವು, 2025ರಲ್ಲೂ ಹಂಗೇ ಆಯ್ತು. ಬೂದಿ ಇಂಜಿನ್ ಒಳಗೆ ಹೋಗಿ ಕರಗಿ ಅಂಟ್ಕೊಳ್ಳುತ್ತೆ, ಹಂಗಾಗಿ ಹಾರದೇ ಇರೋದೇ ಸರಿ. ಇಂಥ ಟೈಮಲ್ಲಿ ಕ್ಯಾನ್ಸಲ್ ಆದ ಫ್ಲೈಟಿನ ದುಡ್ಡು ವಾಪಸ್ ಇಲ್ಲಾ ಬೇರೆ ಫ್ಲೈಟ್ ಸಿಗುತ್ತೆ, ಅದರ ಮೇಲೆ ಪರಿಹಾರ ಸಿಗಲ್ಲ. ಟ್ರಾವೆಲ್ ಇನ್ಶೂರೆನ್ಸನ್ನ ಟಿಕೆಟ್ ಮಾಡಿದ ದಿನವೇ ಮಾಡಿಸಿ, ಬೂದಿ ಎದ್ದಿರೋ ಸುದ್ದಿ ಬಂದ್ಮೇಲೆ ಮಾಡಿಸಿದ ಪಾಲಿಸಿ ಆ ಘಟನೆಗೆ ಕೆಲಸಕ್ಕೆ ಬರಲ್ಲ.

ಉಳಿದ ಖರ್ಚು ಚುಟುಕಾಗಿ: ವೀಸಾ ಆನ್ ಅರೈವಲ್ (ಅಲ್ಲಿ ಇಳಿದ್ಮೇಲೆ ತಗೊಳ್ಳೋ ವೀಸಾ) ತಲೆಗೆ 5 ಲಕ್ಷ ರುಪಿಯಾ, 2024ರ ಫೆಬ್ರವರಿ 14ರಿಂದ ಟೂರಿಸ್ಟ್ ಫೀ 1.5 ಲಕ್ಷ ರುಪಿಯಾ. ಗಾಬರಿ ಬೇಡ, ರುಪಿಯಾ ಅಂದ್ರೆ ಅಲ್ಲಿನ ದುಡ್ಡು, ಎರಡೂ ಸೇರಿ ನಮ್ಮ ನಾಲ್ಕು ಸಾವಿರದೊಳಗೆ. ಬರೀ ಟಿಕೆಟ್ ತಗೊಳ್ಳದೆ ಹೋಟೆಲ್ ಸೇರಿಸಿ ಪ್ಯಾಕೇಜ್ ಮಾಡಿದ್ರೆ ಟಿಸಿಎಸ್ (ದುಡ್ಡು ಕಟ್ಟುವಾಗಲೇ ಹಿಡ್ಕೊಳ್ಳೋ ತೆರಿಗೆ) ಬೀಳುತ್ತೆ, ಐಟಿ ರಿಟರ್ನ್‌ನಲ್ಲಿ ಕ್ಲೈಮ್ ಮಾಡ್ಕೋಬಹುದು, ಪಾನ್ ನಂಬರ್ ಸರಿಯಾಗಿ ಕೊಟ್ಟಿರಿ.

ಮತ್ತೆ ಹೆಸರು. ಆಧಾರ್‌ನಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಲ್ಲಿ ಊರು, ಅಪ್ಪನ ಹೆಸರು ಎಲ್ಲಾ ಬಿಡಿಸಿ ಬರೆದಿರುತ್ತೆ, ಕೆಲವರದ್ದು ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಪಾಸ್‌ಪೋರ್ಟ್ ಪ್ರಕಾರನೇ ಇರ್ಬೇಕು, ಸರ್‌ನೇಮ್ ಖಾಲಿ ಇದ್ರೆ ಏನು ಹಾಕ್ಬೇಕು ಅನ್ನೋದಕ್ಕೆ ಒಂದೊಂದು ಕಂಪನಿಗೆ ಒಂದೊಂದು ರೂಲ್, ಆಮೇಲೆ ತಿದ್ದಿಸೋಕೆ ಕೆಲವು ಸಲ ಹೊಸ ಟಿಕೆಟಿನಷ್ಟೇ ಆಗುತ್ತೆ. ಅದಕ್ಕೆ ವಿಚಾರಿಸೋಕೆ ಬರೋವಾಗ ಎಲ್ಲರ ಪಾಸ್‌ಪೋರ್ಟ್ ತಂದುಬಿಡಿ, ಬಾಲಿ ಮುಟ್ಟೋ ದಿನಕ್ಕೆ ಇನ್ನೂ ಆರು ತಿಂಗಳು ಅವಧಿ ಉಳಿದಿರುತ್ತಾ ಅಂತ ಮನೆಯಲ್ಲೇ ಒಂದ್ಸಲ ನೋಡ್ಕೊಂಡು ಬನ್ನಿ, ಮಕ್ಕಳದ್ದು ಮುಖ್ಯವಾಗಿ, ಅವು ಐದೇ ವರ್ಷಕ್ಕೆ ಮುಗಿದಿರ್ತಾವೆ.