ಎಣ್ಣೆಗೆಂಪು: ಪುಟ್ಟ ಮಕ್ಕಳ ಜೊತೆ ಮೈಬಣ್ಣದ ಮಾತು

ಪೇಪರಿನಲ್ಲಿ ‘ಕಾಣೆಯಾಗಿದ್ದಾರೆ’ ಅನ್ನುವ ಪ್ರಕಟಣೆ ಓದಿದವರಿಗೆಲ್ಲ ಈ ಪದ ಗೊತ್ತು. ‘ಕೋಲು ಮುಖ, ಸಾಧಾರಣ ಮೈಕಟ್ಟು, ಎಣ್ಣೆಗೆಂಪು ಮೈಬಣ್ಣ.’ ಮದುವೆ ಮಾತುಕತೆಯಲ್ಲೂ ಇದು ಬರುತ್ತದೆ. ಐದು ವರ್ಷದ ಮಗು ಬಂದು ‘ಎಣ್ಣೆಗೆಂಪು ಅಂದ್ರೆ ಯಾವ ಬಣ್ಣ?’ ಅಂತ ಕೇಳಿದಾಗ ಮಾತ್ರ ನಾವು ತಡವರಿಸುತ್ತೇವೆ.

ಪದ ಬಿಡಿಸುವುದು ಸುಲಭ. ಎಣ್ಣೆ ಮತ್ತು ಕೆಂಪು ಸೇರಿ ಎಣ್ಣೆಗೆಂಪು. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದ ಹಾಗೆ, ಇಲ್ಲೂ ‘ಕ’ ಹೋಗಿ ‘ಗ’ ಬಂದಿದೆ. ಎಣ್ಣೆ ಅನ್ನುವುದೇ ಎಳ್ಳು ಮತ್ತು ನೆಯ್ ಸೇರಿ ಆದ ಮಾತು. ನೆಯ್ ಅಂದರೆ ತುಪ್ಪ, ಜಿಡ್ಡು. ಒಟ್ಟಿನಲ್ಲಿ ಕಂದು ಬಣ್ಣ, ಅದರೊಳಗೆ ಕೆಂಪಿನ ಛಾಯೆ. ಇದಕ್ಕಿಂತ ಗಾಢವಾದರೆ ಎಣ್ಣೆಗಪ್ಪು. ತಿಳಿಯಾದರೆ ಗೋಧಿ ಬಣ್ಣ. ಇನ್ನೂ ತಿಳಿಯಾದರೆ ನಾವು ‘ಕೆಂಪಗಿದ್ದಾನೆ’ ಅನ್ನುತ್ತೇವೆ, ಅಲ್ವಾ? ಇಷ್ಟೊಂದು ಪದ ಇರುವ ಭಾಷೆ ನಮ್ಮದು. ಆದರೂ ಮನೆಯ ಮಾತಿನಲ್ಲಿ ಉಳಿದಿರುವುದು ಎರಡೇ, ಕಪ್ಪು ಮತ್ತು ಬಿಳಿ. ಅವೆರಡಕ್ಕೂ ನಾವು ಬೆಲೆ ಕಟ್ಟಿಬಿಟ್ಟಿದ್ದೇವೆ.

ಹೋದ ವರ್ಷ ಅಡಿಕೆ ಸುಲಿಯುವ ಕಾಲ. ತೀರ್ಥಹಳ್ಳಿ ಕಡೆ ನಮ್ಮ ಮನೆಯ ಜಗಲಿಯಲ್ಲಿ ಅತ್ತೆ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಮಗಳು ಅಜ್ಜಿಯ ಚಿತ್ರ ಬರೆಯುತ್ತಿದ್ದಳು. ಮುಖಕ್ಕೆ ಯಾವ ಬಣ್ಣ ಅಂತ ಕೇಳಿದಳು. ದೊಡ್ಡಪ್ಪನ ಮಗ ಡಬ್ಬಿಯಿಂದ ತಿಳಿ ಗುಲಾಬಿಯ ಒಂದು ಕ್ರೇಯಾನ್ ತೆಗೆದು ಕೊಟ್ಟ. ‘ಇದೇ ಸ್ಕಿನ್ ಕಲರ್’ ಅಂದ. ಅವಳು ತುಂಬಿದಳು. ಅಜ್ಜಿಯ ಮುಖ ನೋಡಿದಳು, ಹಾಳೆ ನೋಡಿದಳು. ‘ಇದು ಅಜ್ಜಿ ಅಲ್ಲ’ ಅಂದಳು.

‘ಇರ್ಲಿ ಬಿಡು ಪುಟ್ಟಿ, ಚಿತ್ರದಲ್ಲಾದ್ರೂ ಬೆಳ್ಳಗೆ ಕಾಣ್ತೀನಿ’ ಅಂದರು ಅತ್ತೆ. ಅವರ ದನಿಯಲ್ಲಿ ನೋವೇನೂ ಇರಲಿಲ್ಲ. ಅಷ್ಟು ರೂಢಿಯಾಗಿ ಹೋಗಿದೆ. ನನಗೆ ಮಾತ್ರ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು.

ಆ ಕ್ರೇಯಾನ್‌ಗೂ ಒಂದು ಕತೆ ಇದೆ. ಅಮೆರಿಕದ ಕ್ರೇಯೋಲಾ ಕಂಪನಿ ಇಂಥದೇ ಬಣ್ಣಕ್ಕೆ ‘ಫ್ಲೆಶ್’, ಅಂದರೆ ಮೈ, ಅಂತ ಹೆಸರಿಟ್ಟಿತ್ತು. 1962ರಲ್ಲಿ ಅದನ್ನು ‘ಪೀಚ್’ ಅಂತ ಬದಲಾಯಿಸಿದರು. ಎಲ್ಲರ ಮೈಯೂ ಆ ಬಣ್ಣದ್ದಲ್ಲವಲ್ಲ. ನಮ್ಮ ಜಗಲಿಯಲ್ಲಿ ಅದು ಇವತ್ತಿಗೂ ಸ್ಕಿನ್ ಕಲರ್.

ಅಂಗಳದ ಹಂಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸಿದ ಬಣ್ಣದ ನೀರು, ಇತ್ತು. ಆರಿದ ಚೊಗರನ್ನು ಒಂದು ಕರಟದಲ್ಲಿ ತಂದುಕೊಟ್ಟೆ. ಇದೇ ಚೊಗರಿನಿಂದ ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ‘ಚರಕ’ ಅನ್ನುವ ಕೈಮಗ್ಗದ ಸಂಘದಲ್ಲಿ ಬಟ್ಟೆಗೂ ಬಣ್ಣ ಹಾಕುತ್ತಾರೆ. ಮಗಳು ಬೆರಳು ಅದ್ದಿ ಹಾಳೆಗೆ ಒತ್ತಿದಳು. ಒಮ್ಮೆ ಒತ್ತಿದರೆ ತಿಳಿ ಕಂದು. ಒಣಗಿದ ಮೇಲೆ ಇನ್ನೊಮ್ಮೆ ಒತ್ತಿದರೆ ಕೆಂಪು ಏರಿತು. ಮೂರನೇ ಸಲಕ್ಕೆ ‘ಈಗ ಅಜ್ಜಿ ಬಂದ್ರು!’ ಅಂತ ಕೂಗಿದಳು. ‘ಇದಕ್ಕೇ ಎಣ್ಣೆಗೆಂಪು ಅನ್ನೋದು’ ಅಂದೆ. ಅವತ್ತಿಗೆ ಅಷ್ಟು ಅರ್ಥ ಸಾಕಿತ್ತು.

ಮಕ್ಕಳಿಗೆ ಬಣ್ಣ ಕಾಣಿಸುವುದಿಲ್ಲ, ನಾವೇ ಹೇಳಿ ಕೆಡಿಸುವುದು ಯಾಕೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಮೂರು ತಿಂಗಳ ಕೂಸು ಕೂಡ ತಾನು ದಿನಾ ನೋಡುವಂಥ ಮುಖಗಳ ಕಡೆಗೇ ಜಾಸ್ತಿ ಹೊತ್ತು ನೋಡುತ್ತದೆ ಅಂತ ಸಂಶೋಧಕರು ಕಂಡುಕೊಂಡಿದ್ದಾರೆ. ಕಾಣುವುದು ತಪ್ಪಲ್ಲ. ಕಂಡದ್ದಕ್ಕೆ ಬೆಲೆ ಕಟ್ಟುವುದನ್ನು ಮಗು ನಮ್ಮಿಂದ ಕಲಿಯುತ್ತದೆ. 1940ರ ದಶಕದಲ್ಲಿ ಅಮೆರಿಕದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಪುಟ್ಟ ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವುದು ಒಳ್ಳೆಯದು ಅಂತ ಕೇಳಿದರು. ಕಪ್ಪು ಮಕ್ಕಳಲ್ಲೂ ಹೆಚ್ಚಿನವರು ಬಿಳಿ ಗೊಂಬೆಯನ್ನೇ ತೋರಿಸಿದರು. ಶಾಲೆಗಳಲ್ಲಿ ಬಣ್ಣ ನೋಡಿ ಮಕ್ಕಳನ್ನು ಬೇರೆ ಕೂರಿಸಬಾರದು ಅಂತ 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಈ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ನಮ್ಮಲ್ಲಿ ಆ ಕಲಿಕೆ ಎಲ್ಲಿಂದ ಬರುತ್ತದೆ? ‘ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತೀಯ.’ ‘ಕಪ್ಪಾದ್ರೂ ಲಕ್ಷಣವಾಗಿದ್ದಾಳೆ.’ ಈ ಎರಡನೆಯದು ಹೊಗಳಿಕೆ ಅಂತಲೇ ನಾವು ಹೇಳುತ್ತೇವೆ. ಅದರಲ್ಲಿರುವ ‘ಆದ್ರೂ’ ಮಗುವಿನ ಕಿವಿಗೆ ಬೀಳುತ್ತದೆ. ಎಷ್ಟೋ ಸಲ ಬಣ್ಣ ನೋಡಿ ಜಾತಿ ಊಹಿಸುವ ಮಾತೂ ಮಕ್ಕಳೆದುರೇ ನಡೆಯುತ್ತದೆ. ‘ನಮ್ಮೋರ ಥರ ಇಲ್ವಲ್ಲ’ ಅನ್ನುತ್ತಾರೆ. ಇದು ನನಗೆ ಸಹಿಸಲಾಗದ ಮಾತು. ಇದೇ ನೆಲದಲ್ಲಿ ಕರಿಯಪ್ಪ, ಕರಿಯಮ್ಮ, ಕಾಳಮ್ಮ ಅಂತ ಪ್ರೀತಿಯಿಂದ ಹೆಸರಿಟ್ಟಿದ್ದಾರೆ. ಕರಿಯಮ್ಮ ದೇವಿಗೆ ಕೈ ಮುಗಿದು ಬಂದು ಅಂಗಳದಲ್ಲಿ ಆಡುವ ಮಗುವನ್ನು ‘ಕರಿಯ’ ಅಂತ ಅಣಕಿಸುವುದು ಎಷ್ಟು ಸರಿ?

ಬಣ್ಣ ಯಾಕೆ ಬೇರೆ ಬೇರೆ ಅಂತ ಮಗು ಕೇಳಿದರೆ ನಿಜವನ್ನೇ ಹೇಳಬಹುದು. ಎಲ್ಲರ ಚರ್ಮದಲ್ಲೂ ಮೆಲನಿನ್ ಅನ್ನುವ ಬಣ್ಣದ ವಸ್ತು ಇದೆ. ಅದನ್ನು ತಯಾರಿಸುವ ಜೀವಕೋಶಗಳು ಎಲ್ಲರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತವೆ. ಕೆಲವರಲ್ಲಿ ಅವು ಜಾಸ್ತಿ ಮೆಲನಿನ್ ಮಾಡುತ್ತವೆ, ಕೆಲವರಲ್ಲಿ ಕಮ್ಮಿ. ಮಲೆನಾಡಿನ ಮಕ್ಕಳಿಗೆ ಇನ್ನೂ ಸುಲಭವಾಗಿ ಹೇಳಬಹುದು: ಮಳೆಗೆ ಕಂಬಳಿಕೊಪ್ಪೆ ಇದ್ದ ಹಾಗೆ ಬಿಸಿಲಿಗೆ ಮೆಲನಿನ್. ಬಿಸಿಲು ಜೋರಾಗಿರುವ ನಾಡುಗಳಲ್ಲಿ ಸಾವಿರಾರು ವರ್ಷ ಬದುಕಿದವರ ಮಕ್ಕಳಿಗೆ ದಪ್ಪ ಕೊಪ್ಪೆ ಸಿಕ್ಕಿದೆ. ಇನ್ನು ‘ಜನಾಂಗ’ ಅನ್ನುವ ಮಾತು ಐದು ವರ್ಷಕ್ಕೆ ಬೇಕಾಗಿಲ್ಲ. ಮುಂದೆ ಕೇಳಿದಾಗ, ಮನುಷ್ಯರೆಲ್ಲ ಒಂದೇ ಜೀವಜಾತಿ, ಬಣ್ಣ ನೋಡಿ ಗುಂಪು ಮಾಡಿದ್ದು ಮನುಷ್ಯರೇ ಅಂತ ಹೇಳಿದರಾಯಿತು.

ಕಷ್ಟ ಬರುವುದು ಹೊರಗೆ ಹೋದಾಗ. ಸಾಗರದಿಂದ ಶಿರಸಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಪಕ್ಕ ಒಬ್ಬ ಸಿದ್ದಿ ಹೆಂಗಸು ಕೂತಿದ್ದರು. ಸಿದ್ದಿಯರ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು, ಎಷ್ಟೋ ಜನ ಗುಲಾಮರಾಗಿ. ಈಗ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಕಾಡಂಚಿನಲ್ಲಿ ನೆಲೆಸಿದ್ದಾರೆ. ಕನ್ನಡ, ಕೊಂಕಣಿ ಮಾತಾಡುತ್ತಾರೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೂ ಹೋದರು. ಮಗಳಿಗೆ ಇದೇನೂ ಗೊತ್ತಿಲ್ಲ. ‘ಅಮ್ಮಾ, ಇವರು ಯಾಕೆ ಇಷ್ಟು ಕಪ್ಪು?’ ಅಂತ ದೊಡ್ಡದಾಗಿ ಕೇಳಿಬಿಟ್ಟಳು.

‘ಶ್, ಸುಮ್ನಿರು’ ಅನ್ನುವ ಮಾತು ತುದಿನಾಲಿಗೆಗೆ ಬಂದಿತ್ತು. ಬಾಯಿ ಮುಚ್ಚಿಸಿದರೆ, ಕಪ್ಪು ಅಂದರೆ ಹೇಳಬಾರದ ಯಾವುದೋ ಕೆಟ್ಟದ್ದು ಅಂತ ಮಗು ತಿಳಿದುಕೊಳ್ಳುತ್ತದೆ. ‘ಹೌದು, ಇವರ ಬಣ್ಣ ಕಪ್ಪು. ಇವರ ಅಪ್ಪ ಅಮ್ಮ, ಅಜ್ಜ ಅಜ್ಜಿಯಿಂದ ಬಂದಿದ್ದು. ನಿನ್ನ ಬಣ್ಣ ನಿನಗೆ ನಮ್ಮಿಂದ ಬಂತಲ್ಲ, ಹಾಗೆ’ ಅಂದೆ. ಆಮೇಲೆ ಅವರ ಕಡೆ ತಿರುಗಿ ‘ತಪ್ಪು ತಿಳಿಬೇಡಿ ಅಕ್ಕಾ’ ಅಂದೆ.

ಅವರು ನನ್ನ ಕಡೆ ನೋಡಲಿಲ್ಲ. ಮಗಳ ಕಡೆ ಬಾಗಿ, ‘ನಮ್ಮಜ್ಜಿ ನನಗಿಂತ ಕಪ್ಪಿದ್ದರು ತಂಗೀ. ನಿಮ್ಮಜ್ಜಿ ಎಂತ ಬಣ್ಣ?’ ಅಂತ ಕೇಳಿದರು.

‘ಎಣ್ಣೆಗೆಂಪು’ ಅಂದಳು ಮಗಳು. ‘ಮೂರು ಸಲ ಚೊಗರು ಹಚ್ಚಬೇಕು.’

ಅವರು ಕೈ ಚಾಚಿದರು. ಮಗಳು ತನ್ನ ಕೈಯನ್ನು ಅದರ ಪಕ್ಕ ಇಟ್ಟು, ಎಷ್ಟು ಸಲ ಹಚ್ಚಿದರೆ ಆ ಬಣ್ಣ ಬರುತ್ತದೆ ಅಂತ ಬೆರಳು ಮಡಿಸಿ ಎಣಿಸತೊಡಗಿದಳು.