ಮಕರದಲ್ಲಿ ಕೀಸಿದ ಬಾಗಿಲು ಮಳೆಗಾಲದ ಆಟಿ ತಿಂಗಳಲ್ಲಿ ಏಕೆ ಬಿಗಿಯುತ್ತದೆ?

ಕಾಸರಗೋಡಿನ ಒಳನಾಡಿನಲ್ಲಿ, ಅಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ಸುತ್ತಿನ ತೋಟದ ಮನೆಗಳಲ್ಲಿ, ಮಾಗಿಯನ್ನು ಗುರುತಿಸುವುದು ಚಳಿಯಿಂದಲ್ಲ, ಒಣಹವೆಯಿಂದ. ತುಲಾ ತಿಂಗಳ ಗುಡುಗುಮಳೆ ಹಿಂದೆಗೆದ ಮೇಲೆ ಘಟ್ಟದ ಕಡೆಯಿಂದ ಮೂಡುಗಾಳಿ ಬೀಸತೊಡಗುತ್ತದೆ. ಬೆಳಗಿನ ಜಾವ ಸೋಗೆಯಿಂದ ಇಬ್ಬನಿ ತೊಟ್ಟಿಕ್ಕಿದರೂ ಹತ್ತು ಗಂಟೆಯ ಹೊತ್ತಿಗೆ ಅಂಗಳ ಕಾದಿರುತ್ತದೆ. ಧನು, ಮಕರ, ಕುಂಭ, ಎಂದರೆ ತುಳುವಿನ ಪೆರಾರ್ದೆ, ಪುಯಿಂತೆಲ್, ಮಾಯಿ ತಿಂಗಳುಗಳು, ಅಡಕೆ ಒಣಗಿಸುವ ಕಾಲವೂ ಹೌದು, ಮರದ ಕೆಲಸಕ್ಕೆ ಆಚಾರಿಗಳನ್ನು ಕರೆಸುವ ಕಾಲವೂ ಹೌದು. ಎರಡೂ ಒಂದೇ ಪಾಠಕ್ಕೆ ಸೇರಿದವಾದ್ದರಿಂದ ಈ ಟಿಪ್ಪಣಿಯನ್ನು ಅಂಗಳದಿಂದಲೇ ಆರಂಭಿಸುತ್ತೇನೆ.

ಹರವಿದ ಹಣ್ಣಡಕೆ ಚಾಲಿಯಾಗಲು, ಅಂದರೆ ಪೂರ್ತಿ ಒಣಗಿದ ಅಡಕೆಯಾಗಲು, ಸುಮಾರು 40ರಿಂದ 45 ದಿನಗಳ ಬಿಸಿಲು ಬೇಕು. ಒಣಗಿತೋ ಇಲ್ಲವೋ ಎಂದು ತಿಳಿಯಲು ಹಿರಿಯರು ಒಂದನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ. ಒಳಗಿನ ಬೀಜ ಕುಗ್ಗಿ ಸಿಪ್ಪೆಯಿಂದ ಬಿಡಿಸಿಕೊಂಡಿದ್ದರೆ ಅದು ಗಲಗಲ ಎನ್ನುತ್ತದೆ. ನೀರು ಹೋದಂತೆ ಗಾತ್ರ ಕುಗ್ಗುವ ಈ ನಿಯಮ ಮರಕ್ಕೂ ಅನ್ವಯಿಸುತ್ತದೆ. ಆದರೆ ಮರ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ, ಮತ್ತು ಒಣಗತೊಡಗಿದ ಕೂಡಲೇ ಕುಗ್ಗುವುದೂ ಇಲ್ಲ. ಕಲಿಯುವವರು ಎಡವುವುದು ಈ ಎರಡು ಕಡೆಗಳಲ್ಲಿ.

ಹಸಿಮರದ ನೀರು ಎರಡು ಜಾಗಗಳಲ್ಲಿರುತ್ತದೆ: ಜೀವಕೋಶದ ಟೊಳ್ಳಿನಲ್ಲಿ ಮತ್ತು ಕೋಶದ ಗೋಡೆಯಲ್ಲಿ. ಮೊದಲು ಆರುವುದು ಟೊಳ್ಳಿನ ನೀರು. ಆಗ ತೂಕ ಇಳಿಯುತ್ತದೆಯೇ ಹೊರತು ಅಳತೆ ಬದಲಾಗುವುದಿಲ್ಲ. ತೇವಾಂಶ ಹೆಚ್ಚುಕಡಿಮೆ ಶೇ. 30ಕ್ಕಿಂತ ಕೆಳಗಿಳಿದಾಗ ಗೋಡೆಯ ನೀರು ಹೊರಡತೊಡಗುತ್ತದೆ, ಕುಗ್ಗುವಿಕೆ ಆರಂಭವಾಗುವುದು ಆಗಲೇ. ಇಲ್ಲಿ ಶೇಕಡಾವಾರು ಲೆಕ್ಕವನ್ನು ಪೂರ್ಣ ಒಣಗಿದ ಮರದ ತೂಕದ ಮೇಲೆ ಹಾಕುತ್ತಾರೆ: 650 ಗ್ರಾಂ ತೂಗಿದ ತುಂಡು ಸುಮಾರು 103 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿ 500 ಗ್ರಾಂ ಆದರೆ, ಹೋದ 150 ಗ್ರಾಂ ನೀರನ್ನು 500ರಿಂದ ಭಾಗಿಸಬೇಕು, ತೇವಾಂಶ ಶೇ. 30. ಇದನ್ನು 650ರಿಂದ ಭಾಗಿಸಿ ನಾನು ಬಹಳ ದಿನ ತಪ್ಪು ಲೆಕ್ಕ ಬರೆದಿದ್ದೆ.

ಇನ್ನು ದಿಕ್ಕಿನ ಮಾತು. ಉದ್ದದಲ್ಲಿ ಮರ ನಗಣ್ಯವೆನ್ನುವಷ್ಟು ಮಾತ್ರ ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ಅಳೆದರೆ ಕುಗ್ಗುವುದು ಕಾಣಿಸುತ್ತದೆ, ವರ್ಷದ ಬಳೆಗಳ ಗುಂಟ ಅಳೆದರೆ ಅದರ ಸುಮಾರು ಎರಡು ಪಟ್ಟು. ಆದ್ದರಿಂದಲೇ ದಿಮ್ಮಿಯ ಬದಿಯಿಂದ ಸೀಳಿದ ಹಲಗೆ ಒಣಗುವಾಗ, ತುದಿಯಲ್ಲಿ ಕಾಣುವ ಬಳೆಗಳು ನೆಟ್ಟಗಾಗಲು ಹವಣಿಸುತ್ತಿವೆಯೋ ಎಂಬಂತೆ, ತೊಗಟೆಯ ಮಗ್ಗುಲಿಗೆ ತಗ್ಗಾಗಿ ಬಾಗುತ್ತದೆ. ತಿರುಳಿನ ಮೂಲಕ ಸೀಳಿದ ಹಲಗೆ ಅಷ್ಟು ಬಾಗುವುದಿಲ್ಲ. ತೇಗದ ತುಂಡಿನಲ್ಲಿ ಬಳೆಗಳು ಸ್ಪಷ್ಟವಾಗಿರುವುದರಿಂದ ಅಭ್ಯಾಸಕ್ಕೆ ಅದೇ ಒಳ್ಳೆಯದು. ಹಲಸಿನಲ್ಲಿ ಅವನ್ನು ಹುಡುಕಲು ಕಣ್ಣು ಪಳಗಿರಬೇಕು.

ಅಡಕೆಗೆ ಬಿಸಿಲು, ಹಲಗೆಗೆ ನೆರಳು. ಬಿಸಿಲಿಗೆ ಬಿದ್ದ ಹಲಗೆಯ ಹೊರಮೈ ಬೇಗ ಕುಗ್ಗಲು ಹೊರಟಾಗ ಒಳಗು ಇನ್ನೂ ಹಸಿಯಾಗಿದ್ದು ಅದನ್ನು ತಡೆಯುತ್ತದೆ, ಆ ಎಳೆದಾಟದಲ್ಲಿ ಮೈ ಸೀಳುತ್ತದೆ. ಹಾಗಾಗಿ ಗಾಳಿಯಾಡುವ ಕೊಟ್ಟಿಗೆಯ ಬದಿಯಲ್ಲಿ, ನೆಲದಿಂದ ಮೇಲೆ, ಹಲಗೆ ಹಲಗೆಗಳ ನಡುವೆ ಒಣಗಿದ ಸಲಾಕೆಗಳನ್ನಿಟ್ಟು ಪೇರಿಸುವುದು ಕ್ರಮ. ಸಲಾಕೆಗಳ ದಪ್ಪ ಒಂದೇ ಆಗಿರಬೇಕು ಮತ್ತು ಅವು ಒಂದರ ಮೇಲೊಂದು ನೇರವಾಗಿ ಬರಬೇಕು; ಒಂದು ಸಾಲು ಅತ್ತಿತ್ತ ಸರಿದರೂ ಮೇಲಿನ ಭಾರಕ್ಕೆ ಹಲಗೆ ಅಲ್ಲಿಯೇ ಜೋತು ಆ ಆಕಾರದಲ್ಲೇ ಒಣಗುತ್ತದೆ. ಅಡ್ಡಕೊಯ್ದ ತುದಿಗಳಿಂದ ನೀರು ಮೈಗಿಂತ ಹಲವು ಪಟ್ಟು ವೇಗವಾಗಿ ಹೊರಡುವುದರಿಂದ ಅವಕ್ಕೆ ಮೇಣವನ್ನೋ ಹಳೆಯ ಬಣ್ಣವನ್ನೋ ಬಳಿಯುತ್ತಾರೆ.

ಈಗ ಶೀರ್ಷಿಕೆಯ ಪ್ರಶ್ನೆ. ಒಣಗಿದ ಮರವೂ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರುತ್ತ ಬಿಡುತ್ತ ಇರುತ್ತದೆ. ಗಾಳಿಯ ಸಾಪೇಕ್ಷ ತೇವ ಶೇ. 60ರ ಆಸುಪಾಸಿನಲ್ಲಿದ್ದರೆ ಮರದ ತೇವಾಂಶ ಸುಮಾರು 11ಕ್ಕೆ ನಿಲ್ಲುತ್ತದೆ. ಗಾಳಿಯ ತೇವ 85ಕ್ಕೇರಿ ಹಾಗೆಯೇ ಉಳಿದರೆ ಮರದ್ದು 17ರ ಹತ್ತಿರ ಬರುತ್ತದೆ. ತೇವಾಂಶ ಒಂದಂಕಿ ಏರಿದರೆ ಅಗಲ ಶೇ. 0.2ರಷ್ಟು ಹಿಗ್ಗುತ್ತದೆಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಆಗ 45 ಸೆಂಟಿಮೀಟರ್ ಅಗಲದ ಕಿಟಕಿಯ ಕದ ಮಕರದಿಂದ ಆಟಿಗೆ 5.4 ಮಿಲಿಮೀಟರ್ ಹಿಗ್ಗುತ್ತದೆ. ಜನವರಿಯಲ್ಲಿ ನಾನು ಬಲು ಹೆಮ್ಮೆಯಿಂದ ಕೂರಿಸಿದ ಕದಕ್ಕೆ ಬಿಟ್ಟಿದ್ದ ಸಂದು ಎರಡೇ ಮಿಲಿಮೀಟರ್. ಜುಲೈಯಲ್ಲಿ ಅದನ್ನು ತೆರೆಯಲು ಹೆಗಲು ಕೊಡಬೇಕಾಯಿತು. ಸಿಟ್ಟಿನಲ್ಲಿ ಆಗಲೇ ಕೀಸುಳಿ ಹಿಡಿಯುವುದು ಎರಡನೆಯ ತಪ್ಪು, ಏಕೆಂದರೆ ಮುಂದಿನ ಮಾಗಿಯಲ್ಲಿ ಅದೇ ಕದದ ಅಂಚಿನಿಂದ ಬೆರಳು ತೂರುವಷ್ಟು ಬೆಳಕು ಬರುತ್ತದೆ. ಅದನ್ನೂ ಮಾಡಿ ನೋಡಿದ್ದೇನೆ.

ಅನುಭವಿ ಆಚಾರಿಗಳು ಇದನ್ನು ಲೆಕ್ಕವಿಲ್ಲದೆ ನಿಭಾಯಿಸುತ್ತಾರೆ. ನಾಲ್ಕು ಪಟ್ಟಿಗಳ ಚೌಕಟ್ಟಿನ ಒಳಮೈಗೆ ಕಾಲುವೆ ತೆಗೆದು, ನಡುವಿನ ಹಲಗೆಯನ್ನು ಅಂಟಾಗಲಿ ಮೊಳೆಯಾಗಲಿ ಇಲ್ಲದೆ ಅದರಲ್ಲಿ ಕೂರಿಸಿ, ಎರಡೂ ಬದಿಗೆ ಒಂದಿಷ್ಟು ಖಾಲಿ ಬಿಟ್ಟರೆ, ಹಿಗ್ಗುವುದು ಕುಗ್ಗುವುದು ಕಾಲುವೆಯೊಳಗೇ ಮುಗಿಯುತ್ತದೆ. ಕದದ ಒಟ್ಟು ಅಗಲದಲ್ಲಿ ಬದಲಾಗುವುದು ಎರಡು ನಿಲುಪಟ್ಟಿಗಳ ಪಾಲು ಮಾತ್ರ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮಾಡಿನ ಪಕಾಸುಗಳಿಗೆ ಬಳಿಯುವ ರೂಢಿ ಗೆದ್ದಲನ್ನು ದೂರವಿಡುವುದಕ್ಕಾಗಿ. ಎಣ್ಣೆ, ವಾರ್ನಿಷುಗಳು ತೇವದ ಓಡಾಟವನ್ನು ನಿಧಾನಗೊಳಿಸಬಲ್ಲವೇ ಹೊರತು ನಿಲ್ಲಿಸಲಾರವು.

ಅಭ್ಯಾಸಕ್ಕಾಗಿ ಪೇರಿಕೆಯಲ್ಲಿ ಒಂದು ಗುರುತಿನ ತುಂಡನ್ನಿಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಬೇಕು. ಸತತ ಮೂರು ವಾರ ತೂಕ ಬದಲಾಗದಿದ್ದರೆ ಹಲಗೆಗಳು ಊರಿನ ಗಾಳಿಗೆ ಹೊಂದಿಕೊಂಡವೆಂದು ತಿಳಿಯಬಹುದು. ದಪ್ಪ ಹಲಗೆಗೆ ಒಂದು ಮಾಗಿ ಸಾಲದೆ ಹೋಗಬಹುದು. ಫೆಬ್ರವರಿಯ ನಡುವೆ ತುಳುನಾಡಿನ ಭೂಮಿತಾಯಿಯ ಹಬ್ಬ ಕೆಡ್ಡಸ ಬರುತ್ತದೆ. ಆ ಮೂರು ದಿನ ನೆಲ ಅಗೆಯುವಂತಿಲ್ಲ, ಹಸಿಮರ ಕಡಿಯುವಂತಿಲ್ಲ; ತುಂಡನ್ನು ತೂಗುವುದಕ್ಕೆ ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಅಡ್ಡಿ ಹೇಳಿಲ್ಲ.