ಓಲೆಯ ವಜ್ರಕ್ಕೆ ವಿವಿಎಸ್ ಬೇಕೇ ಬೇಕೆ?

ಪ್ರಶ್ನೆ: ಮಗಳ ಮದುವೆಗೆ ಏಳು ಕಲ್ಲಿನ ವಜ್ರದ ಓಲೆ ಮಾಡಿಸಬೇಕೆಂದಿದ್ದೇವೆ. ಹೋದ ಅಂಗಡಿಯಲ್ಲೆಲ್ಲ ‘ವಿವಿಎಸ್ ಕಲ್ಲನ್ನೇ ತೆಗೆದುಕೊಳ್ಳಿ’ ಎನ್ನುತ್ತಾರೆ. ಅಷ್ಟು ಹಣ ಕೊಡಬೇಕೇ?

ಉತ್ತರ: ಬೇಕಿಲ್ಲ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯಲ್ಲೂ ನುರಿತ ಕಣ್ಣಿಗೆ ಕಲೆ ಸುಲಭವಾಗಿ ಸಿಕ್ಕದಿದ್ದರೆ ಆ ಕಲ್ಲು ವಿವಿಎಸ್. ಅದರ ಕೆಳಗಿನ ವಿಎಸ್ ಕಲ್ಲಿನ ಕಲೆಯೂ ಬರಿಗಣ್ಣಿಗೆ ಕಾಣುವುದಿಲ್ಲ. ಮದುವೆ ಮನೆಗೆ ಭೂತಗನ್ನಡಿ ಹಿಡಿದು ಬರುವ ನೆಂಟರು ನಿಮಗಿದ್ದರೆ ಆ ಮಾತು ಬೇರೆ! ಕಪ್ಪು ಚುಕ್ಕೆಯ ವಜ್ರ ಮನೆಗೆ ಆಗಿಬರುವುದಿಲ್ಲ ಎಂಬ ಅಂಜಿಕೆಯೂ ನಮ್ಮಲ್ಲಿ ಹಲವರನ್ನು ವಿವಿಎಸ್ ಕಡೆಗೆ ತಳ್ಳುತ್ತದೆ. ಆದರೆ ಕಲೆಗಳೆಲ್ಲ ಕಪ್ಪಗಿರುವುದಿಲ್ಲ. ಗರಿಯಂತೆ ಬೆಳ್ಳಗಿರುವವೂ ಉಂಟು. ವಿಎಸ್ ಕಲ್ಲುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಕಪ್ಪು ಚುಕ್ಕೆಯಿಲ್ಲದವನ್ನು ಆರಿಸಿಕೊಳ್ಳಿ.

ಉಳಿದ ಹಣವನ್ನು ಕಟಿಂಗ್‌ಗೆ ಹಾಕಿ. ವಜ್ರದ ಹೊಳಪೆಲ್ಲ ಇರುವುದು ಅಲ್ಲೇ. ದುಂಡು ಕಲ್ಲಿಗೆ ಸಾಮಾನ್ಯವಾಗಿ 57 ಅಥವಾ 58 ಮುಖಗಳಿರುತ್ತವೆ. ಅವುಗಳ ಕೋನ ಸರಿಯಿದ್ದರೆ ಮೇಲಿನಿಂದ ಒಳಹೊಕ್ಕ ಬೆಳಕು ಮತ್ತೆ ಮೇಲಕ್ಕೇ ಮರಳುತ್ತದೆ. ಕಲ್ಲು ತೀರಾ ಆಳವಾಗಿದ್ದರೂ ತೀರಾ ಚಪ್ಪಟೆಯಾಗಿದ್ದರೂ ಬೆಳಕು ತಳದಿಂದ ಸೋರಿಹೋಗುತ್ತದೆ; ಆಗ ವಿವಿಎಸ್ ಕಲ್ಲೂ ಮಂಕೇ. ಕಚ್ಚಾ ವಜ್ರದ ತೂಕ ಕಳೆದುಕೊಳ್ಳಲು ಮನಸ್ಸಿಲ್ಲದೆ ಆಳವಾಗಿಯೇ ಬಿಟ್ಟ ಕಲ್ಲುಗಳು ಬೇಕಾದಷ್ಟಿವೆ. ಕಾಣದ ತಳದಲ್ಲಿ ಕುಳಿತ ಆ ತೂಕಕ್ಕೂ ನೀವು ದುಡ್ಡು ತೆರುತ್ತೀರಿ. ಅಂಗಡಿಯ ದೀಪದಡಿ ಗಾಜೂ ಮಿನುಗುವುದರಿಂದ ಕಲ್ಲನ್ನು ಬಾಗಿಲ ಬಳಿಗೆ ತಂದು ಹಗಲು ಬೆಳಕಿನಲ್ಲಿ ನೋಡಿ.

ಬಣ್ಣದ ಶ್ರೇಣಿ ಬಣ್ಣವೇ ಇಲ್ಲದ ‘ಡಿ’ಯಿಂದ ಹಳದಿ ಛಾಯೆಯ ‘ಝಡ್’ವರೆಗೆ ಇಳಿಯುತ್ತದೆ. ಹಳದಿ ಚಿನ್ನದ ಓಲೆಗೆ ‘ಜಿ’ ಅಥವಾ ‘ಎಚ್’ ಧಾರಾಳ ಸಾಕು. ಏಳು ಕಲ್ಲಿನ ಓಲೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಜೋಡಿಯ ಹದಿನಾಲ್ಕು ಕಲ್ಲುಗಳ ಹೊಂದಾಣಿಕೆ. ಒಂದೇ ಒಂದು ಕಲ್ಲು ಹಳದಿಗೆ ತಿರುಗಿದ್ದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಕೂರಿಸುವ ಮೊದಲು ಎಲ್ಲವನ್ನೂ ಬಿಳಿ ಕಾಗದದ ಮೇಲೆ ಬೋರಲಾಗಿ ಸಾಲಿಡಿಸಿ ನೋಡಿ.

ಹಾಲ್‌ಮಾರ್ಕ್ ಇದೆಯೆಂದು ನಿಶ್ಚಿಂತರಾಗಬೇಡಿ. ಅದು ಚಿನ್ನದ ಶುದ್ಧತೆಗಷ್ಟೇ ಸಾಕ್ಷಿ, ವಜ್ರದ ಬಗ್ಗೆ ಏನೂ ಹೇಳುವುದಿಲ್ಲ. ಕಲ್ಲಿಗೆ ಜಿಐಎ, ಐಜಿಐಯಂಥ ಪ್ರಯೋಗಾಲಯದ ಪ್ರಮಾಣಪತ್ರ ಬೇಕು. ಅಂಗಡಿಯವರೇ ಮುದ್ರಿಸಿಕೊಟ್ಟ ಕಾರ್ಡು ಸಾಲದು. ಸಣ್ಣ ಕಲ್ಲುಗಳಿಗೆ ಸಾಮಾನ್ಯವಾಗಿ ಇಡೀ ಒಡವೆಗೆ ಒಂದೇ ಪತ್ರ ಸಿಗುತ್ತದೆ. ಚಿನ್ನ ಕಲ್ಲಿನ ಅಂಚನ್ನು ಮರೆಮಾಡುವುದರಿಂದ ಅದರಲ್ಲಿನ ಶ್ರೇಣಿ ಅಂದಾಜಿನದು.

ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವೂ ಅಪ್ಪಟ ಇಂಗಾಲವೇ. ಕಲ್ಲಿನಲ್ಲಿ ಶಾಖ ಹರಿಯುವ ಬಗೆಯನ್ನು ಅಳೆಯುವ ಸಾಮಾನ್ಯ ಟೆಸ್ಟರ್‌ಗೆ ಅದರ ಗುರುತು ಹತ್ತದು. ಬೆಲೆ ಬಹಳ ಕಡಿಮೆ, ಮರಳಿ ಮಾರಿದರೆ ಸಿಗುವುದು ಇನ್ನೂ ಕಡಿಮೆ. ಹಾಕಿಕೊಳ್ಳುವುದಕ್ಕಷ್ಟೇ ಆದರೆ ತಪ್ಪೇನಿಲ್ಲ, ಗಣಿಯ ವಜ್ರದ ಬೆಲೆ ಮಾತ್ರ ಕೊಡಬೇಡಿ. ಯಾವುದೆಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಅದೇ ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕಲ್ಲಿನ ತೂಕ, ಮಜೂರಿ ಬೇರೆಬೇರೆಯಾಗಿ ಇರಲಿ. ಒಂದು ಕ್ಯಾರಟ್, ಅಂದರೆ 100 ಸೆಂಟ್, 0.2 ಗ್ರಾಂ. ಓಲೆಯ ಒಟ್ಟು ತೂಕದಿಂದ ಕಲ್ಲುಗಳ ತೂಕವನ್ನು ಕಳೆದ ಮೇಲೆಯೇ ಚಿನ್ನದ ಲೆಕ್ಕ ಹಾಕಿದ್ದಾರೆಯೇ ಎಂದು ನೋಡಿಕೊಂಡು ಹಣ ಕೊಡಿ.